ಡೇರೆಯಲ್ಲಿ ನಾಲ್ಕು ರಾತ್ರಿ: ಒಂದು ದ್ವೀಪದ ಕಡಲಂಚಿನ ನಡಿಗೆ



ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಊರು ಕುಂಬಳೆಯ ಹತ್ತಿರ. ಮನೆಯಿಂದ ಕಡಲಿಗೆ ಅರ್ಧ ಗಂಟೆಯ ದಾರಿ. ಮಳೆಗಾಲದಲ್ಲಿ ರಾತ್ರಿ ಮಲಗಿದರೆ ಅಲೆಯ ಮೊರೆತ ಕೇಳುತ್ತದೆ. ಹಾಗಿರುವಾಗ, ಕಡಲು ನೋಡಲೆಂದು ಏಳು ಸಾವಿರ ಕಿಲೋಮೀಟರಿಗೂ ದೂರ ಹೋಗಿ, ಅಲ್ಲಿ ಒಬ್ಬ ರೈತನ ಹುಲ್ಲುಗಾವಲಿನಲ್ಲಿ ಬಟ್ಟೆಯ ಡೇರೆ ಹಾಕಿ ಮಲಗಿ ಬಂದೆನೆಂದರೆ ನಮ್ಮೂರಿನವರು ನಗುವುದರಲ್ಲಿ ತಪ್ಪಿಲ್ಲ. "ಮನೆ ಕಟ್ಟಲು ಇಷ್ಟು ಸಾಲ ಮಾಡಿದ್ದು ಯಾಕೆ ಮತ್ತೆ?" ಎಂದು ಒಬ್ಬರು ಕೇಳಿಯೂ ಕೇಳಿದರು. ಅವರಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಗ ಇಂಗ್ಲೆಂಡಿನ ದಕ್ಷಿಣ ತೀರದ ಸೌತಾಂಪ್ಟನ್‌ನಲ್ಲಿದ್ದಾನೆ. 2023ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಬೇಸಿಗೆ ರಜೆಯಲ್ಲಿ ಡೇರೆ ಕಟ್ಟಿಕೊಂಡು ಸಂಸಾರ ಸಮೇತ ಕಡಲ ತೀರಕ್ಕೆ ಹೋಗುವುದು ಆ ದೇಶದವರ ಹಳೆಯ ಅಭ್ಯಾಸ. ಮೊಮ್ಮಗನಿಗೆ ಆಗ ಹತ್ತು ವರ್ಷ, ಮೊಮ್ಮಗಳಿಗೆ ಏಳು. ಶಾಲೆಯ ಗೆಳೆಯರೆಲ್ಲ ಹೋಗುತ್ತಾರೆ, ನಾವೂ ಹೋಗಬೇಕೆಂದು ಅವರ ಹಟ. ಆಗಸ್ಟ್ ಮೊದಲ ವಾರದಲ್ಲಿ ನಾವು ಆರು ಮಂದಿ ಹೊರಟೆವು.

ಹೋದದ್ದು ಐಲ್ ಆಫ್ ವೈಟ್ ಎಂಬ ದ್ವೀಪಕ್ಕೆ. ಇಂಗ್ಲೆಂಡಿನ ದಕ್ಷಿಣಕ್ಕೆ, ಸೋಲೆಂಟ್ ಎಂಬ ಕಿರಿದಾದ ಸಮುದ್ರದ ಆಚೆ ಇದು ಇದೆ. ತೀರ ಬೆಳ್ಳಗಿದ್ದರೂ ಹೆಸರಿನ 'ವೈಟ್'ಗೂ ಬಿಳಿ ಬಣ್ಣಕ್ಕೂ ಸಂಬಂಧವಿಲ್ಲ. ರೋಮನರು ಇದನ್ನು ವೆಕ್ಟಿಸ್ ಎಂದು ಕರೆಯುತ್ತಿದ್ದರು. ವಿಸ್ತೀರ್ಣ ಸುಮಾರು 380 ಚದರ ಕಿಲೋಮೀಟರು, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯ ಐದರಲ್ಲಿ ಒಂದು ಪಾಲೂ ಇಲ್ಲ. ಜನಸಂಖ್ಯೆ ಸುಮಾರು 1 ಲಕ್ಷ 40 ಸಾವಿರ. ಹಿಮಯುಗ ಮುಗಿದು ಕಡಲಿನ ಮಟ್ಟ ಏರಿದಾಗ, ಕೆಲವು ಸಾವಿರ ವರ್ಷಗಳ ಹಿಂದೆ, ಇದು ಮುಖ್ಯ ಭೂಮಿಯಿಂದ ಬೇರ್ಪಟ್ಟಿತು. ಇಂದಿಗೂ ಸೇತುವೆ ಇಲ್ಲ. ಸೌತಾಂಪ್ಟನ್‌ನಿಂದ ಕಾರು ಹೇರುವ ಹಡಗಿನಲ್ಲಿ ಸುಮಾರು ಒಂದು ಗಂಟೆಯ ಪಯಣ. ದ್ವೀಪದ ಸುತ್ತ ಕಡಲಂಚಿನಲ್ಲೇ ಒಂದು ಕಾಲುದಾರಿ ಇದೆ. ಒಟ್ಟು ಸುಮಾರು 110 ಕಿಲೋಮೀಟರು. ಪೂರ್ತಿ ಸುತ್ತುವವರೂ ಇದ್ದಾರೆ. ನಾವು ಮೂರು ದಿನಗಳಲ್ಲಿ ಅದರ ನೈರುತ್ಯ ಭಾಗದ ಕಾಲಂಶವನ್ನೂ ಮುಗಿಸಲಿಲ್ಲ. ನನ್ನ ಮಂಡಿಗೆ ಅಷ್ಟೇ ಸಾಕಾಗಿತ್ತು.

ಮೊದಲು ಡೇರೆಯ ವಿಷಯ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಕಂಡ ಕಂಡಲ್ಲಿ ಡೇರೆ ಹಾಕುವ ಹಾಗಿಲ್ಲ. ಡಾರ್ಟ್‌ಮೂರ್ ಎಂಬ ಬಯಲಿನ ಕೆಲವು ಭಾಗಗಳನ್ನು ಬಿಟ್ಟರೆ, ಉಳಿದೆಡೆ ಜಾಗದ ಒಡೆಯನ ಒಪ್ಪಿಗೆ ಬೇಕು. ಆದ್ದರಿಂದ ರೈತರು ಬೇಸಿಗೆಯಲ್ಲಿ ತಮ್ಮ ಹುಲ್ಲುಗಾವಲನ್ನು ಇದಕ್ಕಾಗಿ ಬಿಟ್ಟುಕೊಡುತ್ತಾರೆ. ರಾತ್ರಿಗೆ ಇಷ್ಟೆಂದು ಬಾಡಿಗೆ. ಒಂದು ನಲ್ಲಿ, ಶೌಚಾಲಯ, ಪಾತ್ರೆ ತೊಳೆಯುವ ತೊಟ್ಟಿ, ಇಷ್ಟಿರುತ್ತದೆ. ನಮ್ಮ ಜಾತ್ರೆಯ ಗದ್ದೆಯ ಹಾಗೆ ಸಾಲಾಗಿ ಡೇರೆಗಳು. ಆದರೆ ರಾತ್ರಿ ಹತ್ತರ ಬಳಿಕ ಯಾರೂ ಗದ್ದಲ ಮಾಡುವುದಿಲ್ಲ.

ಡೇರೆ ಹಾಕುವುದಕ್ಕೂ ಒಂದು ಕ್ರಮವಿದೆ. ತಗ್ಗಿನಲ್ಲಿ ಹಾಕಬಾರದು, ಮಳೆ ಬಂದರೆ ನೀರು ನಿಲ್ಲುತ್ತದೆ. ತೀರಾ ದಿಬ್ಬದ ಮೇಲೂ ಹಾಕಬಾರದು, ಗಾಳಿ ಎತ್ತಿಕೊಂಡು ಹೋಗುತ್ತದೆ. ಬಾಗಿಲು ಗಾಳಿ ಬರುವ ದಿಕ್ಕಿಗೆ ಇರಕೂಡದು. ಆ ತೀರದಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ, ನಮ್ಮ ಮಳೆಗಾಲದ ಗಾಳಿಯಂತೆಯೇ. ಗೂಟವನ್ನು ನೇರವಾಗಿ ಹೊಡೆಯದೆ, ತುದಿ ಡೇರೆಯ ಕಡೆಗೂ ತಲೆ ಹೊರಗಡೆಗೂ ವಾಲುವಂತೆ ಓರೆಯಾಗಿ ಹೊಡೆಯಬೇಕು. ಆಗ ಹಗ್ಗ ಎಳೆದಷ್ಟೂ ಗೂಟ ಗಟ್ಟಿಯಾಗುತ್ತದೆ. ದನ ಕಟ್ಟಿ ಗೊತ್ತಿದ್ದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆ ಒಂದು ವಿಷಯದಲ್ಲಿ ಮೊಮ್ಮಕ್ಕಳ ಮುಂದೆ ನನ್ನ ಮಾನ ಉಳಿಯಿತು.

ಮಲಗುವಾಗ ಮೇಲಿನ ಹೊದಿಕೆಗಿಂತ ಕೆಳಗಿನ ಹಾಸು ಮುಖ್ಯ. ನೆಲದ ತಂಪು ಬೆನ್ನಿನಿಂದ ಏರುತ್ತದೆ. ಆಗಸ್ಟ್ ಎಂದರೆ ಅಲ್ಲಿ ನಡುಬೇಸಿಗೆ. ಆದರೂ ಬೆಳಗಿನ ಜಾವ ನನಗೆ ಉಣ್ಣೆಯ ಟೊಪ್ಪಿ ಬೇಕಾಯಿತು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಎಷ್ಟೇ ಚಳಿಯಿರಲಿ, ಮಳೆಯಿರಲಿ, ಗ್ಯಾಸ್ ಸ್ಟೌವನ್ನಾಗಲಿ ಕೆಂಡವನ್ನಾಗಲಿ ಡೇರೆಯ ಒಳಗೆ ತರಬಾರದು. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಂದಿಹೋದಂತೆ ಕಾಣುವ ಕೆಂಡವೂ ಅದನ್ನು ಉಗುಳುತ್ತದೆ. ಮಲಗಿದವರು ಏಳುವುದಿಲ್ಲ.

ಊಟಕ್ಕೆ ನನ್ನ ಹೆಂಡತಿ ಊರಿನಿಂದ ಕುಚ್ಚಲಕ್ಕಿ ತಂದಿದ್ದಳು. ಆದರೆ ಅಂಗೈಯಗಲದ ಗ್ಯಾಸ್ ಒಲೆಯಲ್ಲಿ ಕುಚ್ಚಲಕ್ಕಿ ಬೇಯಬೇಕಾದರೆ ಡಬ್ಬದ ಅರ್ಧ ಗ್ಯಾಸು ಮುಗಿಯುತ್ತದೆ. ಮೊದಲ ರಾತ್ರಿಯೇ ಬುದ್ಧಿ ಬಂತು. ಮರುದಿನದಿಂದ ಅವಲಕ್ಕಿ, ಮಜ್ಜಿಗೆ, ಮಿಡಿ ಉಪ್ಪಿನಕಾಯಿ. ಎರಡು ನಿಮಿಷದ ಕೆಲಸ. ಪಕ್ಕದ ಡೇರೆಯ ಇಂಗ್ಲಿಷ್ ಮುದುಕರೊಬ್ಬರು ಅವಲಕ್ಕಿಯ ರುಚಿ ನೋಡಿ, ಇದನ್ನು ಬೇಯಿಸುವುದು ಯಾವಾಗ ಎಂದು ಕೇಳಿದರು.

ಈಗ ನನ್ನ ಮನಸ್ಸಿನೊಳಗಿದ್ದ ಒಂದು ಚಿಂತೆಯನ್ನೂ ಹೇಳಬೇಕು. ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವನ ಉತ್ತರ ಇಂಗ್ಲಿಷಿನಲ್ಲಿ. ಗಡಿನಾಡಿನ ನಮಗೆ ಇದು ಹೊಸತಲ್ಲ. ಶಾಲೆ ಒಂದು ಭಾಷೆಯಲ್ಲಿ, ಕಚೇರಿ ಇನ್ನೊಂದರಲ್ಲಿ, ಮನೆ ಮತ್ತೊಂದರಲ್ಲಿ ಎಂಬ ಬದುಕು ನಮ್ಮದು. ಆದರೂ ನಮ್ಮ ಕಾಲಕ್ಕೆ ಮನೆಯ ಭಾಷೆ ಮನೆಯಲ್ಲಿ ಉಳಿದಿತ್ತು. ಅಲ್ಲಿ ಮಗನ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ, ಕೈಯಲ್ಲಿ ಒಂದೊಂದು ಪರದೆ. ಆರು ವಾರ ಇದ್ದು ಬಂದರೂ ಹುಡುಗನ ಬಾಯಿಂದ ಆರು ವಾಕ್ಯ ಕೇಳಲಿಕ್ಕಿಲ್ಲ ಎಂದುಕೊಂಡಿದ್ದೆ. ಡೇರೆಯಲ್ಲಿ ಕೋಣೆಗಳಿಲ್ಲ. ಫೋನಿನ ಬ್ಯಾಟರಿಯನ್ನು ತುರ್ತಿಗೆಂದು ಉಳಿಸಬೇಕು. ಆಗಸ್ಟಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ, ಆಮೇಲೂ ತುಂಬ ಹೊತ್ತು ನಸುಬೆಳಕು. ಆ ಹೊತ್ತಿನಲ್ಲಿ ಮಾಡುವುದೇನು? ಮಾತಾಡುವುದೊಂದೇ.

ಇನ್ನು ದಾರಿಯ ವಿಷಯ. ನಾವು ನಡೆದ ಕಾಲುದಾರಿಯ ಬಹುಪಾಲು ಖಾಸಗಿ ಹೊಲಗಳ ನಡುವೆ ಹಾದುಹೋಗುತ್ತದೆ. ಗೋಧಿ ಬೆಳೆದು ನಿಂತ ಗದ್ದೆ, ದನ ಮೇಯುವ ಬಯಲು. ಬೇಲಿ ಬಂದಲ್ಲಿ ದಾಟಲು ಮರದ ಮೆಟ್ಟಿಲು. ನಮ್ಮ ತೋಟಗಳ ಬೇಲಿಯಲ್ಲಿ ಮನುಷ್ಯ ದಾಟಬಹುದು, ದನ ದಾಟದು ಎಂಬಂತೆ ತಡಮೆ ಇಡುತ್ತಿದ್ದೆವಲ್ಲ, ಅದೇ. ಆದರೆ ಅಲ್ಲಿ ತಡಮೆ ದಾಟುವುದು ನೆರೆಯವನ ದಾಕ್ಷಿಣ್ಯದಿಂದಲ್ಲ, ಹಕ್ಕಿನಿಂದ. ಕಾಲಾಂತರದಿಂದ ಜನ ನಡೆದು ಬಂದ ದಾರಿ ಜನರದ್ದು, ಜಮೀನು ಯಾರದ್ದೇ ಇರಲಿ. 1949ರಲ್ಲಿ ಬಂದ ಒಂದು ಕಾನೂನು, ಇಂಥ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ದಾಖಲೆ ಮಾಡಬೇಕೆಂದು ಜಿಲ್ಲಾಡಳಿತಗಳಿಗೆ ವಿಧಿಸಿತು. ಅಂಗಡಿಯಲ್ಲಿ ಸಿಗುವ ಸರಕಾರಿ ನಕ್ಷೆಯಲ್ಲಿ ಇವು ಹಸಿರು ತುಂಡುಗೆರೆಗಳಾಗಿ ಕಾಣುತ್ತವೆ. ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರು ಎಂಬ ಅಳತೆ. ಒಂದೊಂದು ಬೇಲಿಯೂ ಅದರಲ್ಲಿದೆ. ಆ ನಕ್ಷೆ ಕೈಯಲ್ಲಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಮಾಡಬೇಕಾದದ್ದು ಎರಡೇ: ತೆರೆದ ಗೇಟನ್ನು ಮುಚ್ಚುವುದು, ಬೆಳೆಯನ್ನು ತುಳಿಯದಿರುವುದು.

ಈಗ ಕಡಲಿಗೆ ಬರೋಣ. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ, ನಿಮಗೆ ಉಪಯೋಗವಾದೀತು.

ನಮ್ಮ ಡೇರೆ ಇದ್ದದ್ದು ಬ್ರೂಕ್ ಎಂಬ ಹಳ್ಳಿಯ ಕಡೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಹ್ಯಾನೋವರ್ ಪಾಯಿಂಟ್ ಎಂಬ ಮೂಲೆ. ಕಡಲು ಪೂರ್ತಿ ಇಳಿದಾಗ ಅಲ್ಲಿ ಎರಡು ಅದ್ಭುತಗಳು ಕಾಣುತ್ತವೆ. ಒಂದು, ಕಲ್ಲಾಗಿ ಹೋದ ಮರದ ಬೊಡ್ಡೆಗಳು. ಇನ್ನೊಂದು, ಮೂರು ಬೆರಳಿನ ದೊಡ್ಡ ದೊಡ್ಡ ಹೆಜ್ಜೆಗಳು. ಸುಮಾರು ಹನ್ನೆರಡೂವರೆ ಕೋಟಿ ವರ್ಷಗಳ ಹಿಂದೆ ಅಲ್ಲಿ ನದಿ ಬಯಲಿತ್ತು. ಅದರ ಕೆಸರಿನಲ್ಲಿ ಡೈನೋಸಾರುಗಳು ನಡೆದ ಗುರುತಿಗೆ ಮರಳು ತುಂಬಿ, ಕಲ್ಲಾಗಿ ಉಳಿದಿವೆ. ಹುಡುಗನಿಗೆ ಅವನ್ನು ನೋಡಬೇಕಾಗಿತ್ತು. ಇಳಿತದ ಹೊತ್ತಿನಲ್ಲೇ ಹೋಗಬೇಕು, ಏಕೆಂದರೆ ಭರತ ಬಂದಾಗ ನೀರು ಬರೆಯ ಬುಡವನ್ನು ಮುಟ್ಟುತ್ತದೆ. ನಮ್ಮಲ್ಲಿ ಕಡಲು ಏರಿದರೆ ಹಿಂದೆ ಸರಿಯಲು ತೆಂಗಿನ ತೋಟವಿದೆ. ಅಲ್ಲಿ ಹಿಂದೆ ಇರುವುದು ಮಣ್ಣಿನ ಗೋಡೆ. ಹತ್ತಲು ಬಾರದು, ಹತ್ತಿದರೆ ಕುಸಿಯುತ್ತದೆ. ಮೇಲಕ್ಕೆ ಹೋಗಲು ಮೆಟ್ಟಿಲು ಇರುವುದು, ತೋಡು ಬರೆಯನ್ನು ಸೀಳಿ ಕಡಲಿಗೆ ಇಳಿಯುವ ಕೆಲವೇ ಕಡೆ. ಅಂಥ ಜಾಗಕ್ಕೆ ಅಲ್ಲಿ 'ಚೈನ್' ಎಂದು ಹೆಸರು.

ಕಡಲ ಕರೆಯವರಾದ ನಮಗೆಲ್ಲ ಗೊತ್ತಿರುವ ಲೆಕ್ಕ ಒಂದಿದೆ. ಆರು ಗಂಟೆ ಏರುವುದು, ಆರು ಗಂಟೆ ಇಳಿಯುವುದು. ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಹೆಚ್ಚು ನೀರು, ಅಷ್ಟಮಿಗೆ ಕಡಿಮೆ. ಏರುವುದೂ ಒಂದೇ ಸಮನಾಗಿ ಅಲ್ಲ. ಒಟ್ಟು ಏರುವ ನೀರನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಮತ್ತೆ ಎರಡು, ಒಂದು. ಹಡಗಿನವರ ಲೆಕ್ಕ ಇದು. ಅಂದರೆ ಮೊದಲ ಗಂಟೆ ಏನೂ ಆಗಿಲ್ಲವೆಂದು ತೋರುತ್ತದೆ, ನಡುವಿನ ಎರಡು ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ.

ಆದರೆ ಈ ದ್ವೀಪದ ಸುತ್ತ ಆ ಲೆಕ್ಕವೂ ನಡೆಯುವುದಿಲ್ಲ. ಸೋಲೆಂಟಿನ ಭಾಗದಲ್ಲಿ ಭರತ ಒಮ್ಮೆ ತುಂಬಿ, ಸ್ವಲ್ಪ ಇಳಿದು, ಮತ್ತೊಮ್ಮೆ ತುಂಬುವ ವಿಚಿತ್ರವಿದೆ. ದ್ವೀಪದ ಎರಡು ಬದಿಯಿಂದಲೂ ನೀರು ಬರುವುದರಿಂದ ಹೀಗೆ ಎಂದು ಜನ ಹೇಳುತ್ತಾರೆ. ಅದು ಸರಿಯಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಇಂಗ್ಲಿಷ್ ಕಾಲುವೆ ಎಂಬ ಆ ಇಕ್ಕಟ್ಟಾದ, ಆಳ ಕಡಿಮೆಯಾದ ಸಮುದ್ರದಲ್ಲಿ ಭರತದ ದೊಡ್ಡ ಅಲೆ ಸಾಗುವಾಗ ಅದರ ಆಕಾರವೇ ಕೆಡುತ್ತದೆ, ಅದರಿಂದ ಹೀಗಾಗುತ್ತದೆ. ಕಾರಣ ಏನೇ ಇರಲಿ, ಆ ಊರಿನ ಭರತ ಇಳಿತದ ಪಟ್ಟಿಯನ್ನು ನೋಡದೆ ಕಡಲಿಗೆ ಇಳಿಯಬಾರದು.

ನಾನು ಪಟ್ಟಿ ನೋಡಿದ್ದೆ. ತಪ್ಪಾದದ್ದು ಅಲ್ಲೇ. ಬೇಸಿಗೆಯಲ್ಲಿ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಕೆಲವು ಪಟ್ಟಿಗಳು ಹಳೆಯ ಗಂಟೆಯಲ್ಲೇ ಇರುತ್ತವೆ, ಅವುಗಳಿಗೆ ಒಂದು ಗಂಟೆ ಕೂಡಿಸಬೇಕು. ಇನ್ನು ಕೆಲವು ಮೊದಲೇ ಕೂಡಿಸಿ ಅಚ್ಚಾಗಿರುತ್ತವೆ. ನನ್ನ ಕೈಯಲ್ಲಿದ್ದದ್ದು ಕೂಡಿಸಿದ ಪಟ್ಟಿ. ಕೆಳಗಿನ ಸಣ್ಣ ಅಕ್ಷರ ಓದದೆ ನಾನು ಮತ್ತೊಂದು ಗಂಟೆ ಕೂಡಿಸಿದೆ. ಒಂದೇ ಮೊತ್ತವನ್ನು ಎರಡು ಸಲ ಜಮಾ ಮಾಡಿದ ಹಾಗೆ! ಮೂವತ್ತು ಚಿಲ್ಲರೆ ವರ್ಷ ಬೇರೆಯವರ ಇಂಥ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವನು ನಾನು.

ಇಳಿತದ ತುದಿ ಸಂಜೆ ಆರಕ್ಕೆ. ನನ್ನ ಲೆಕ್ಕದಲ್ಲಿ ಏಳಕ್ಕೆ. ಸೊಸೆ, ಮೊಮ್ಮಗ, ನಾನು ಮೂವರು ಹೋದೆವು. ಮಗ, ಚಿಕ್ಕವಳು ಮತ್ತು ನನ್ನ ಹೆಂಡತಿ ಡೇರೆಯಲ್ಲಿದ್ದರು. ನಾವು ಮೂಲೆಗೆ ತಲುಪುವಾಗ ಆರೂಮುಕ್ಕಾಲು. ನೀರು ಇನ್ನೂ ಇಳಿಯುತ್ತಿದೆ ಎಂದು ನಾನು, ಆಗಲೇ ಏರಲು ಸುರುವಾಗಿದೆ ಎಂದು ಕಡಲು. ಹೆಜ್ಜೆ ಹುಡುಕುವ ಉತ್ಸಾಹದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಸೊಸೆ ಒಮ್ಮೆ, "ಮಾವ, ಆಗ ನಾವು ದಾಟಿ ಬಂದ ಕಲ್ಲು ಈಗ ಕಾಣುವುದಿಲ್ಲ" ಎಂದಳು. "ಇನ್ನೂ ಹೊತ್ತಿದೆ ಮಗಾ, ಲೆಕ್ಕ ಹಾಕಿದ್ದೇನೆ" ಎಂದೆ. ಹತ್ತು ನಿಮಿಷ ಕಳೆದು ತಿರುಗಿ ನೋಡುತ್ತೇನೆ, ಬಂದ ದಾರಿಯಲ್ಲಿ ಮರಳಿಲ್ಲ. ಅಲೆ ಬಂದು ಬರೆಯ ಬುಡಕ್ಕೆ ಬಡಿದು ಹಿಂದೆ ಹೋಗುತ್ತಿದೆ. ಮೆಟ್ಟಿಲು ಅರ್ಧ ಮೈಲಿಗಿಂತ ಕಡಿಮೆ ದೂರದಲ್ಲಿ ಕಾಣುತ್ತಿದೆ, ಆದರೆ ನಡುವೆ ನೀರು.

ಹುಡುಗನನ್ನು ನಡುವೆ ಇಟ್ಟುಕೊಂಡು, ಮೂವರೂ ಕೈ ಬಿಡದೆ, ಅಲೆ ಹಿಂದೆ ಸರಿದಾಗ ನಾಲ್ಕು ಹೆಜ್ಜೆ, ಬಂದಾಗ ನಿಲ್ಲುವುದು, ಹೀಗೆ ನಡೆದೆವು. ನನಗೆ ತೊಡೆಯವರೆಗೆ ನೀರು, ಅವನಿಗೆ ಸೊಂಟದವರೆಗೆ. ಆಗಸ್ಟಾದರೂ ಆ ನೀರಿನ ತಂಪು ಎಲುಬಿಗೆ ಮುಟ್ಟುವಂಥದು. ಒಂದು ಕಡೆ ಕಲ್ಲು ಜಾರಿ ನಾನು ಮುಗ್ಗರಿಸಿದಾಗ ಹುಡುಗ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು, "ಅಜ್ಜ, ಬಿಡಬೇಡಿ" ಎಂದ. ಕನ್ನಡದಲ್ಲೇ ಅಂದ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಬೂಟಿನ ನೀರು ಚೆಲ್ಲುವಾಗ ನೆನಪಾಯಿತು.

ದೊಡ್ಡ ಅಪಾಯವೇನೂ ಆಗಲಿಲ್ಲ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಬೇಕಾಗಿಲ್ಲ. ಅಲ್ಲಿ ಇಂಥ ಸಂದರ್ಭದಲ್ಲಿ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡನ್ನು ಕೇಳಬೇಕು. ನೀರು ತೊಡೆಗೆ ಬರುವ ತನಕ ಕಾಯದೆ ಮೊದಲೇ ಕೇಳಬೇಕು. ಮಗ ನನಗೆ ಏನೂ ಅನ್ನಲಿಲ್ಲ. ನನ್ನ ಹೆಂಡತಿ ಮಾತ್ರ, "ನಿಮ್ಮ ಲೆಕ್ಕಕ್ಕೆ ನನ್ನ ಮೊಮ್ಮಗನನ್ನು ಅಡವಿಡಬೇಡಿ" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನೊಂದು ಏರ್ಪಾಡು ಮಾಡಿದೆ. ಪಟ್ಟಿ ನೋಡುವ ಅಧಿಕಾರವನ್ನು ನನ್ನಿಂದ ತೆಗೆದು ಹುಡುಗನಿಗೆ ವಹಿಸಿದೆ. ಷರತ್ತು ಒಂದೇ. ಅವನು ನೋಡಿ ಕನ್ನಡದಲ್ಲಿ ಹೇಳಬೇಕು, ನಾನು ಇನ್ನೊಮ್ಮೆ ನೋಡಿ ತಾಳೆ ಹಾಕಬೇಕು. ಬ್ಯಾಂಕಿನಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ಪರಿಶೀಲಿಸಿ ಸಹಿ ಹಾಕಿದ ಹಾಗೆ. ಅದಕ್ಕಾಗಿ ಅವನು ಕಾಲು, ಅರೆ, ಮುಕ್ಕಾಲು ಕಲಿಯಬೇಕಾಯಿತು. ಆರೂಕಾಲು, ಆರೂವರೆ, ಆರೂಮುಕ್ಕಾಲು. ಒಂದು ವರೆಗೂ ಎರಡು ವರೆಗೂ ಅಲ್ಲ, ಒಂದೂವರೆ, ಎರಡೂವರೆ. ಕನ್ನಡದ ಅಂಕಿಗಳನ್ನೂ ಬರೆದು ತೋರಿಸಿದೆ. ನಕ್ಷೆಯ ಬದಿಯ ಖಾಲಿ ಜಾಗದಲ್ಲಿ ಅವನು ದಿನದಿನದ ಭರತ ಇಳಿತ ಬರೆಯತೊಡಗಿದ. ಕೆಲಸವಿದ್ದರೆ ಭಾಷೆ ಬರುತ್ತದೆ, ಪಾಠವೆಂದರೆ ಬರುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಆ ದಿನ ಮೇಲಿನ ದಾರಿ ಹಿಡಿದೆವು. ಫ್ರೆಶ್‌ವಾಟರ್ ಬೇ ಎಂಬಲ್ಲಿಂದ ದ್ವೀಪದ ಪಶ್ಚಿಮ ತುದಿಯವರೆಗೆ ಸುಮಾರು ಐದು ಕಿಲೋಮೀಟರು. ಶಾಲೆಯ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದಂಥ ಬಿಳಿ ಕಲ್ಲಿನ ಗುಡ್ಡ, ಮೇಲೆ ಮೆತ್ತನೆಯ ಹುಲ್ಲು, ಎಡಕ್ಕೆ ನೇರ ಕೆಳಗೆ ಕಡಲು. ಎತ್ತರದ ಜಾಗ 147 ಮೀಟರು. ಕವಿ ಟೆನಿಸನ್ 1853ರಿಂದ ಈ ಗುಡ್ಡದ ಬುಡದಲ್ಲಿ ಮನೆ ಮಾಡಿದ್ದರು. ಗುಡ್ಡಕ್ಕೆ ಈಗ ಅವರದೇ ಹೆಸರು. ಅಂಚಿಗೆ ಹೋಗಿ ಇಣುಕಬಾರದು. ಮೇಲಿನಿಂದ ಗಟ್ಟಿಯಾಗಿ ಕಂಡರೂ ಕೆಳಗೆ ಕೊರೆದು ಟೊಳ್ಳಾಗಿರಬಹುದು.

ಪಶ್ಚಿಮದ ತುದಿಯಲ್ಲಿ ಕಡಲಿನೊಳಗೆ ಮೂರು ಬಿಳಿ ಬಂಡೆಗಳು ಸಾಲಾಗಿ ನಿಂತಿವೆ. ಹೆಸರು ನೀಡಲ್ಸ್, ಅಂದರೆ ಸೂಜಿಗಳು. ನೋಡಿದರೆ ಒಂದೂ ಸೂಜಿಯ ಹಾಗಿಲ್ಲ, ಹಲ್ಲಿನ ಹಾಗಿವೆ. ಸೂಜಿಯಂತೆ ಇದ್ದ ನಾಲ್ಕನೆಯ ಬಂಡೆ 1764ರ ಬಿರುಗಾಳಿಯಲ್ಲಿ ಮುರಿದು ಬಿತ್ತು. ವಸ್ತು ಹೋಯಿತು, ಹೆಸರು ಉಳಿಯಿತು. ಕೊನೆಯ ಬಂಡೆಯ ಬುಡದಲ್ಲಿ 1859ರಲ್ಲಿ ಕಟ್ಟಿದ ದೀಪಸ್ತಂಭವಿದೆ. 1994ರವರೆಗೆ ಅದರೊಳಗೆ ಕಾವಲುಗಾರರು ವಾಸವಿದ್ದರು. ಈಗ ಅದು ತಾನಾಗಿ ಉರಿಯುತ್ತದೆ.

ಅಲ್ಲೇ ಪಕ್ಕದ ಆಲಂ ಬೇ ಎಂಬಲ್ಲಿ ಒಂದು ಕಲ್ಲಿನ ಸ್ಮಾರಕವಿದೆ. ಬಾನುಲಿಯ ಈ ಪುಸ್ತಕದಲ್ಲಿ ಅದನ್ನು ಹೇಳದೆ ಬಿಡುವುದು ಸರಿಯಲ್ಲ. 1897ರ ಡಿಸೆಂಬರಿನಲ್ಲಿ ಮಾರ್ಕೋನಿ ಜಗತ್ತಿನ ಮೊದಲ ಕಾಯಂ ನಿಸ್ತಂತು ಕೇಂದ್ರವನ್ನು ಸ್ಥಾಪಿಸಿದ್ದು ಇಲ್ಲಿ, ಒಂದು ಹೋಟೆಲಿನ ಕಟ್ಟಡದಲ್ಲಿ. ಮರುವರ್ಷ ವಿಜ್ಞಾನಿ ಲಾರ್ಡ್ ಕೆಲ್ವಿನ್ ಇಲ್ಲಿಂದ ಸಂದೇಶ ಕಳಿಸಿ, ಬೇಡವೆಂದರೂ ಅದಕ್ಕೆ ಹಣ ಕೊಟ್ಟರಂತೆ. ಗಡಿಯ ಬೇಲಿ ಕೇಳದೆ ನಮ್ಮ ಮನೆಗಳಿಗೆ ಕನ್ನಡ ಬರುತ್ತಿದ್ದ ದಾರಿ ಸುರುವಾದದ್ದು ಆ ಕಡಲಂಚಿನಲ್ಲಿ. ನಾನು ಚಪ್ಪಲಿ ಕಳಚಿ ಒಂದು ನಿಮಿಷ ನಿಂತೆ. ಮೊಮ್ಮಕ್ಕಳು ನಗಾಡಿದರು.

ಮೂರನೆಯ ದಿನದ ನಡಿಗೆ ದಕ್ಷಿಣದ ಬ್ಲ್ಯಾಕ್‌ಗ್ಯಾಂಗ್ ಕಡೆಗೆ. ಅಲ್ಲಿ ಗುಡ್ಡದ ಮೇಲೆ 1328ರ ಒಂದು ಹಳೆಯ ದೀಪಗೋಪುರ. ಕಥೆ ಚೆನ್ನಾಗಿದೆ. 1313ರಲ್ಲಿ ಈ ತೀರದಲ್ಲಿ ಒಡೆದ ಹಡಗಿನಲ್ಲಿ ಫ್ರಾನ್ಸಿನ ಒಂದು ಮಠಕ್ಕೆ ಸೇರಿದ ದ್ರಾಕ್ಷಾರಸವಿತ್ತು. ಅದರ ಕೆಲವು ಪೀಪಾಯಿಗಳನ್ನು ಇಲ್ಲಿನ ಜಮೀನ್ದಾರನೊಬ್ಬ ಅಗ್ಗದಲ್ಲಿ ಕೊಂಡುಕೊಂಡ. ಕೊನೆಗೆ ಸಿಕ್ಕಿಬಿದ್ದಾಗ, ಮುಂದೆ ಹಡಗುಗಳು ಒಡೆಯದ ಹಾಗೆ ದೀಪಗೋಪುರ ಕಟ್ಟಿಸಬೇಕೆಂದು ಚರ್ಚು ಅವನಿಗೆ ಪ್ರಾಯಶ್ಚಿತ್ತ ವಿಧಿಸಿತು. ಕಳವಿನ ಮಾಲಿಗೆ ಇಂಥ ದಂಡ ನಮ್ಮಲ್ಲೂ ಇದ್ದಿದ್ದರೆ ಕರಾವಳಿ ತುಂಬ ದೀಪಗಳಿರುತ್ತಿದ್ದವು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಗೋಪುರವಲ್ಲ, ಅದರ ಕೆಳಗಿನ ಮುರಿದ ರಸ್ತೆ. ಈ ತೀರ ಎಂದಿನಿಂದಲೂ ಕುಸಿಯುತ್ತಿದೆ. ಮಳೆನೀರು ಮೇಲಿನ ಕಲ್ಲಿನಲ್ಲಿ ಇಂಗಿ ಕೆಳಗಿನ ಜೇಡಿಯ ಪದರ ಮುಟ್ಟಿದಾಗ, ಮೇಲಿನ ಭಾರವೆಲ್ಲ ಜಾರತೊಡಗುತ್ತದೆ. ಬುಡವನ್ನು ಕಡಲು ತಿನ್ನುತ್ತದೆ. 1928ರಲ್ಲಿ ಬ್ಲ್ಯಾಕ್‌ಗ್ಯಾಂಗಿನಿಂದ ನೈಟನ್‌ಗೆ ಹೋಗುವ ಹಳೆಯ ರಸ್ತೆ ಜಾರಿಹೋಯಿತು. ಮತ್ತೆ ಅದನ್ನು ಕಟ್ಟಲಿಲ್ಲ. 1994ರಲ್ಲಿ ಇನ್ನೊಂದು ಕುಸಿತದಲ್ಲಿ ಮನೆಗಳೇ ಹೋದವು. ನನಗೆ ನಮ್ಮ ಮಂಜೇಶ್ವರ, ಉಪ್ಪಳದ ತೀರ ನೆನಪಾಯಿತು. ಪ್ರತಿ ಮಳೆಗಾಲದಲ್ಲಿ ಕಡಲ್ಕೊರೆತ, ತೆಂಗಿನ ಮರಗಳು ತಲೆಕೆಳಗಾಗುವುದು, ಕಲ್ಲು ತಂದು ಸುರಿಯುವುದು, ಮುಂದಿನ ವರ್ಷ ಆ ಕಲ್ಲನ್ನೂ ಕಡಲು ನುಂಗುವುದು.

ಕಡಲಂಚಿನ ದಾರಿ ಬಿದ್ದುಹೋದರೆ ಜನರ ಹಕ್ಕು ಏನಾಗುತ್ತದೆ? ಹಳೆಯ ಕಾನೂನಿನಲ್ಲಿ ದಾರಿಯ ಹಕ್ಕು ಆ ಗೆರೆಗೆ ಅಂಟಿಕೊಂಡದ್ದು. ಗೆರೆ ಕಡಲಿಗೆ ಬಿದ್ದರೆ ಹಕ್ಕೂ ಬಿತ್ತು. ಹೊಸ ದಾರಿಗಾಗಿ ಜಮೀನಿನ ಒಡೆಯನನ್ನು ಮತ್ತೆ ಒಪ್ಪಿಸಬೇಕು. 2009ರಲ್ಲಿ ಇಂಗ್ಲೆಂಡಿನ ಇಡೀ ಕರಾವಳಿಗೆ, ಸುಮಾರು 4,300 ಕಿಲೋಮೀಟರು, ಒಂದೇ ಕಾಲುದಾರಿ ಮಾಡುವ ಕಾನೂನು ಬಂತು. ಈ ದ್ವೀಪವನ್ನೂ ಆ ಯೋಜನೆಗೆ ಸೇರಿಸಿದರು. 2023ರಲ್ಲಿ ಆ ದಾರಿಗೆ ಈಗಿನ ದೊರೆ ಮೂರನೆಯ ಚಾರ್ಲ್ಸರ ಹೆಸರಿಟ್ಟರು. ಆ ಕಾನೂನಿನಲ್ಲಿ ಒಂದು ಜಾಣತನವಿದೆ. ದಂಡೆ ಕುಸಿದು ಹಿಂದೆ ಸರಿದಂತೆ ದಾರಿಯೂ ಅದರ ಜೊತೆ ಒಳಕ್ಕೆ ಸರಿಯಬಹುದು ಎಂದು ಮೊದಲೇ ಬರೆದಿಟ್ಟಿದ್ದಾರೆ. ಅಂದರೆ ದಾರಿ ಒಂದು ಗೆರೆಯಲ್ಲ, ಕಡಲಂಚಿನಲ್ಲಿ ನಡೆಯುವ ಹಕ್ಕು. ನೆಲ ಎಲ್ಲಿಗೆ ಸರಿದರೂ ಅದರ ಅಂಚಿನಲ್ಲಿ ಅದು ಇರುತ್ತದೆ.

ಬೇಲಿಯನ್ನು ಹಿಂದಕ್ಕೆ ಸರಿಸಿ ಹೊಸದಾಗಿ ನೆಟ್ಟ ಒಂದು ತಡಮೆಯ ಮೇಲೆ ಕುಳಿತು ನಾನು ಇದನ್ನು ಮಗನಿಂದ ಕೇಳಿ ತಿಳಿದುಕೊಂಡೆ. ಅಂಚಿನಲ್ಲಿ ಬದುಕುವವರು ನಾವು. ನೆಲ ಕೊಂಚ ಕೊಂಚವಾಗಿ ಹೋಗುವುದನ್ನು ಕಂಡವರು. ಬಿದ್ದ ಗೆರೆಗಾಗಿ ಅಳುತ್ತಾ ಕೂತರೆ ದಾರಿ ನಿಲ್ಲುತ್ತದೆ. ಎರಡು ಹೆಜ್ಜೆ ಒಳಗೆ ಹೊಸ ತಡಮೆ ನೆಟ್ಟರೆ ದಾರಿ ಮುಂದುವರಿಯುತ್ತದೆ. ಶಾಲೆಯಲ್ಲಿ ಇಲ್ಲದ ಕನ್ನಡವನ್ನು ಭರತ ಇಳಿತದ ಪಟ್ಟಿಯಲ್ಲಿ ನೆಟ್ಟದ್ದು ನನ್ನ ಮಟ್ಟಿಗೆ ಅಂಥ ಒಂದು ತಡಮೆ.

ಇಷ್ಟು ದೂರ ಎಲ್ಲರೂ ಹೋಗಬೇಕೆಂದು ನಾನು ಹೇಳುವುದಿಲ್ಲ, ಹೋಗುವುದು ಸುಲಭವೂ ಅಲ್ಲ. ನಮ್ಮದೇ ಜಿಲ್ಲೆಯ ದಕ್ಷಿಣ ತುದಿಯಲ್ಲಿ, ಕವ್ವಾಯಿ ಹಿನ್ನೀರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ, ವಲಿಯಪರಂಬ ಎಂಬ ಉದ್ದನೆಯ ಕಿರಿದಾದ ದ್ವೀಪವಿದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು, ನಡುವೆ ತೆಂಗು. ಬೆಳಗಿನ ತಂಪು ಹೊತ್ತಿನಲ್ಲಿ ಮಕ್ಕಳೊಡನೆ ಅದರ ಮರಳಿನಲ್ಲಿ ಎರಡು ಮೈಲಿ ನಡೆದು ನೋಡಿ. ಒಂದು ಬುತ್ತಿ, ನೀರು, ತಲೆಗೊಂದು ಟೊಪ್ಪಿ ಸಾಕು. ಅಲ್ಲಿನ ಮೀನುಗಾರರನ್ನು ಆ ದಿನದ ಭರತ ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಿಕೊಳ್ಳಿ, ಮತ್ತು ನನ್ನಂತೆ ಅದಕ್ಕೆ ಒಂದು ಗಂಟೆ ಕೂಡಿಸಬೇಡಿ. ಹೊತ್ತು ನೋಡಿ ಹೇಳುವ ಕೆಲಸವನ್ನು ಮಕ್ಕಳಿಗೆ ಕೊಡಿ, ನಮ್ಮ ಭಾಷೆಯಲ್ಲಿ.

ಈಗ ಪ್ರತಿ ಭಾನುವಾರ ಸೌತಾಂಪ್ಟನ್‌ನಿಂದ ಫೋನು ಬರುತ್ತದೆ. ಹುಡುಗ ಬೇರೆ ಮಾತೆಲ್ಲ ಇಂಗ್ಲಿಷಿನಲ್ಲೇ ಆಡುತ್ತಾನೆ, ಸುಳ್ಳು ಹೇಳಬಾರದು. ಆದರೆ ಮೊದಲ ಮಾತು ಮಾತ್ರ ಹೀಗೆ: "ಅಜ್ಜ, ಇವತ್ತು ಇಲ್ಲಿ ಭರತ ಹನ್ನೊಂದೂಕಾಲಕ್ಕೆ. ಅಲ್ಲಿ?"

ಅದಕ್ಕೆ ಉತ್ತರ ಕೊಡಬೇಕಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಕಡಲಿನವರೆಗೆ ನಡೆದು ಹೋಗಿ, ನೀರು ನೋಡಿ ಬರುತ್ತೇನೆ.